ಲಗ್ನಪತ್ರಿಕೆಯ ಕವರುಗಳು

ರಾಗಿಹಿಟ್ಟಿನ ಡ್ರಮ್ಮಿನ ಹಿಂದೆ, ಗೋಡೆಗೆ ಒರಗಿಸಿ
ಏಳು ಕವರು ಮಡಗಿದ್ದೀನಿ.
ಒಂದನ್ನೂ ದುಡ್ಡು ಕೊಟ್ಟು ತಂದದ್ದಲ್ಲ.
ಎಲ್ಲ ಯಾರ್ಯಾರದೋ ಮದುವೆಯವು,
ಮೂಲೆಗೆ ಅರಿಶಿನ ಹಚ್ಚಿಕೊಂಡು
ತಾವಾಗಿ ಬಾಗಿಲಿಗೆ ಬಂದವು.

ಹಾಲಿನ ದುಡ್ಡು ಇರುವುದು
ಚಿ. ಯೋಗಾನಂದ, ಚಿ.ಸೌ. ಭವ್ಯಶ್ರೀಯರ ಮಡಿಲಲ್ಲಿ.
ಗ್ಯಾಸಿನದು ಕೊಪ್ಪದ ಕಡೆಯ ಮೇಷ್ಟ್ರ ಮಗಳ ಹತ್ತಿರ;
ಬಂಗಾರದ ಗಣಪತಿ, ದಪ್ಪ ಕಾಗದ,
ಎರಡು ವರ್ಷವಾದರೂ ಅಂಚು ಹರಿದಿಲ್ಲ.
ಬಾಡಿಗೆಯ ಕವರಿನ ಗಂಡುಹೆಣ್ಣು
ಈಗ ಒಟ್ಟಿಗಿಲ್ಲ.
ಅವಳು ಗುತ್ತಲಿನಲ್ಲಿ ತಾಯಿ ಮನೆ ಸೇರಿದಳು,
ಅವನ ಸುದ್ದಿ ಯಾರೂ ಎತ್ತುವುದಿಲ್ಲ.
ಆದರೂ ನಮ್ಮ ಮನೆಯಲ್ಲಿ, ತಿಂಗಳ ಐದನೇ ತಾರೀಖಿನವರೆಗೆ,
ಐದೂವರೆ ಸಾವಿರ ಬಿಗಿಯಾಗಿ ಹಿಡಿದುಕೊಂಡು
ಇಬ್ಬರೂ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ.

ಹೊರಗೆ ಎಲ್ಲೂ ಸಾಲ ಮಾಡಿಲ್ಲ, ದೇವರಾಣೆ.
ಒಳಗೊಳಗೇ.
ಸ್ಕೂಲಿನ ಕವರಿಗೆ ಹಾಲು ಕೊಡಬೇಕು ನೂರಿಪ್ಪತ್ತು.
ಔಷಧಿಯದು ತರಕಾರಿಯಿಂದ ಇಸಕೊಂಡದ್ದು ಅರವತ್ತು,
ಚೀಟಿ ಬರೆದು ಒಳಗೆ ಹಾಕಿದ್ದೀನಿ:
‘ಅತ್ತೆಯ ಮಂಡಿಗೆ ಮುಲಾಮು, ಒಂದನೇ ತಾರೀಖು ವಾಪಸ್ಸು.’
ಸೊನ್ನೆ ಬಿಲ್ಲು ಬರೋಕೆ ಶುರುವಾದ ಮೇಲೆ
ಕರೆಂಟಿನ ಕವರೇ ಎಲ್ಲರಿಗೂ ಸಾಹುಕಾರ.
ಕೈಚಾಚಿದವರಿಗೆ ಇಲ್ಲ ಅನ್ನೋಲ್ಲ,
ಬಡ್ಡಿ ಕೇಳೋದಿಲ್ಲ,
ಮುಖ ಮಾತ್ರ ದಿನೇದಿನೇ ತೆಳ್ಳಗಾಗುತ್ತಿದೆ.

ಬಸ್ಸಿನಲ್ಲಿ ಯಜಮಾನರಿಗೆ ಟಿಕೆಟ್ಟು, ನನಗಿಲ್ಲ.
ಅದಕ್ಕೇ ತಿಂಗಳಿಗೊಂದು ಸಲ ಆಧಾರ್ ಕಾರ್ಡು ತೋರಿಸಿ
ಮೈಸೂರಿನ ಸಂತೆಪೇಟೆಗೆ ನಾನೊಬ್ಬಳೇ.
ಬೇಳೆ ಕೆಜಿಗೆ ಒಂಬತ್ತು ರೂಪಾಯಿ ಕಮ್ಮಿ,
ಐದು ಕೆಜಿಗೆ ನಲವತ್ತೈದು.
ಅದರಲ್ಲಿ ಹದಿನೈದು ಅಲ್ಲೇ ಹೋಗುತ್ತೆ,
ಒಂದು ಕಾಫಿ, ನಿಂತುಕೊಂಡು, ನಿಧಾನಕ್ಕೆ,
ಯಾವ ಕವರಿಗೂ ಹೇಳದೆ.

ಸೊಪ್ಪು ಬೇಯಿಸಿ ಬಸಿದ ನೀರು ಸಾರಿಗೆ, ಸೊಪ್ಪು ಪಲ್ಯಕ್ಕೆ,
ಒಂದೇ ಉರಿಯಲ್ಲಿ ಎರಡು.
ಇದನ್ನು ನಮ್ಮವ್ವ ಯಾವತ್ತೂ ಉಳಿತಾಯ ಅಂದವಳಲ್ಲ.
ಊಟ ಅಂತಿದ್ದಳು.

ಏಳನೆಯದು ಮುಯ್ಯಿಯ ಕವರು.
ಅದರ ಜೊತೆಗೊಂದು ಕೆಂಪು ಪುಸ್ತಕ,
ನಮ್ಮ ಮದುವೆಯ ದಿನ ಬಾಗಿಲಲ್ಲಿ ಕೂತು ಮಾವ ಬರೆದದ್ದು:
‘ಕೆಂಪಾಜಮ್ಮ, ಹನಕೆರೆ, ಐವತ್ತೊಂದು, ಒಂದು ಸ್ಟೀಲ್ ತಂಬಿಗೆ.’

ನೆನ್ನೆ ಸಾಯಂಕಾಲ ಅದೇ ಕೆಂಪಾಜಮ್ಮ ಬಂದು
ಅತ್ತೆಯ ಕೈಗೆ ಪತ್ರಿಕೆ ಕೊಟ್ಟರು. ಮೊಮ್ಮಗಳ ಮದುವೆ, ಬರೋ ಭಾನುವಾರ.
‘ಎಲ್ಲಾರೂ ಬರಬೇಕು, ಒಲೆ ಹಚ್ಚಬೇಡಿ ಅವತ್ತು.’

ಒಲೆ ಹಚ್ಚದಿದ್ದರೆ ಒಂದು ದಿನದ ಗ್ಯಾಸು ಉಳೀತು ಅಂತ
ನನ್ನ ತಲೆ ಆಗಲೇ ಕೂಡುತ್ತಿತ್ತು, ನಾಚಿಕೆಯಿಲ್ಲದ್ದು.
ಮುಯ್ಯಿಯ ಕವರು ಖಾಲಿ.
ಹೋದ ವಾರ ಸಿಂಚನಳ ಕನ್ನಡಕಕ್ಕೆ ಬಳಿದು ಕೊಟ್ಟಿದ್ದೆ;
ಚೀಟಿ ಸಹ ಬರೆದಿರಲಿಲ್ಲ.

ಹದಿನೇಳು ವರ್ಷದ ಹಿಂದಿನ ಐವತ್ತೊಂದು
ಇವತ್ತಿಗೆ ಎಷ್ಟಾಯ್ತು?
‘ಇನ್ನೂರೊಂದು ಸಾಕು ಬಿಡು’ ಅಂದರು ಯಜಮಾನರು, ಷರಟು ಬಿಚ್ಚುತ್ತಾ.
ಅತ್ತೆ ಮಂಡಿ ಸವರಿಕೊಳ್ಳುವುದನ್ನು ನಿಲ್ಲಿಸಿ
‘ಐನೂರು ಹಾಕು ಕನವ್ವ,
ಅವಳು ಕೊಟ್ಟ ತಂಬಿಗೆ ಇನ್ನೂ ಸೋರ್ತಿಲ್ಲ.’

ಸರಿ. ಕರೆಂಟಿನಿಂದ ಮುನ್ನೂರು,
ಗ್ಯಾಸಿನಿಂದ ನೂರು, ತರಕಾರಿಯಿಂದ ಎಪ್ಪತ್ತು,
ಉಳಿದ ಮೂವತ್ತು
ಮುಂದಿನ ತಿಂಗಳ ಎರಡು ಕಾಫಿ.

ಮಲಗುವ ಮುಂಚೆ ಪತ್ರಿಕೆ ತೆಗೆದು ನೋಡಿದೆ.
ಮುಹೂರ್ತ ಆಮೇಲೆ, ಮೊದಲು ಕಾಗದ ಮುಟ್ಟಿದೆ.
ಒಳ್ಳೆ ಗಟ್ಟಿ. ಮಡಚುವ ಬಾಯಿಯೂ ಇದೆ.
ಸಿಂಚನ ಹೊಸ ಕನ್ನಡಕ ಏರಿಸಿಕೊಂಡು
ಪೆನ್ಸಿಲ್ ಹಿಡಿದು ಕೂತೇಬಿಟ್ಟಳು:
‘ಅಮ್ಮ, ಇದಕ್ಕೆ ಏನಂತ ಬರೀಲಿ?’

‘ಮಡಗು ಅತ್ತ,’ ಅಂದೆ.
‘ಮೊದಲು ಅವರ ಮದುವೆ ಆಗಲಿ.’